ಬರಿಗಣ್ಣಿನ ಮೇಸ್ತ್ರಿ

ಆ ಗಾಜಿನ ಕಾರ್ಖಾನೆಯಲ್ಲಿ ಬೆಂಕಿಯ ಹದಕ್ಕೆ ಹಣ್ಣುಗಳ ಹೆಸರಿಟ್ಟಿದ್ದರು. ಕುಲುಮೆಯೊಳಗೆ, ಮೂಸೆ ಎಂದು ಕರೆಯುವ ದಪ್ಪ ಮಣ್ಣಿನ ಪಾತ್ರೆಯಲ್ಲಿ ಗಾಜು ಕಾಯುತ್ತ ಹೋದಂತೆ ಮೊದಲು ದಾಳಿಂಬೆ, ಆಮೇಲೆ ಕಿತ್ತಳೆ, ಕೊನೆಗೆ ನಿಂಬೆ. ನಿಂಬೆಗೆ ಬಂದಾಗಲೇ ಗಾಜನ್ನು ಊದುಗೊಳವೆಗೆ ಎತ್ತಬೇಕು. ಅವಸರಪಟ್ಟು ಕಿತ್ತಳೆಯಲ್ಲಿ ಎತ್ತಿದರೆ ಬಾಟಲಿಯ ಮೈತುಂಬ ಗುಳ್ಳೆ. ನಿಂಬೆ ದಾಟಲು ಬಿಟ್ಟರೆ ಗೊಳವೆಯ ತುದಿಯಲ್ಲಿ ನಿಲ್ಲದೆ ಪಾಕದ ಹಾಗೆ ಸುರಿದುಹೋಗುತ್ತದೆ. ಕುಲುಮೆಯ ಬಾಯಿಗೆ ಮುಖ ಒಡ್ಡಿ, ಬರಿಗಣ್ಣಿನಿಂದ ನೋಡಿ, ಈಗ ಯಾವ ಹಣ್ಣು ಎಂದು ಹೇಳುವವನೇ ಅಲ್ಲಿ ಮೇಸ್ತ್ರಿ. ಕಪ್ಪು ಕನ್ನಡಕಗಳು ಇರಲಿಲ್ಲವೆಂದಲ್ಲ. ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದರು, ನೋಡಲು ಬರುವ ಅತಿಥಿಗಳಿಗೆಂದು. ಕೆಲಸದವರು ಯಾರಾದರೂ ಮೂಗಿಗೇರಿಸಿದರೋ, “ಏನ್ ಹೀರೋ, ಇವತ್ತು ಶೂಟಿಂಗ್ ಎಲ್ಲಿ” ಎಂದು ಉಳಿದವರು ದಿನವಿಡೀ ಬೆನ್ನು ಬಿಡುತ್ತಿರಲಿಲ್ಲ.

ಮೇಸ್ತ್ರಿಯನ್ನು ಎಲ್ಲರೂ ಹದ್ದು ಎಂದೇ ಕರೆಯುತ್ತಿದ್ದರು. ಅವನು ದೂರದಿಂದಲೇ ಒಂದು ನೋಟ ಹಾಯಿಸಿ, “ಇನ್ನೂ ಕಿತ್ತಳೆ. ಹೋಗಿ ಟೀ ಕುಡ್ಕೊಂಡು ಬನ್ನಿ” ಎಂದರೆ ಮುಗಿಯಿತು, ಎದುರು ಮಾತಿಲ್ಲ. ಮ್ಯಾನೇಜರು ಒಮ್ಮೆ ಶಾಖ ಅಳೆಯುವ ಯಂತ್ರವೊಂದನ್ನು ತರಿಸಿದ್ದರು. ಹದ್ದು ಅದರ ಜತೆ ಪಂದ್ಯ ಕಟ್ಟಿ, ಅದು ಹೇಳುವ ಮುಂಚೆ ತಾನು ಹೇಳಿ, ಎಲ್ಲರೆದುರು ಗೆದ್ದ. ಯಂತ್ರ ಬೀರು ಸೇರಿತು. ಆಮೇಲೆ ಸ್ವಲ್ಪ ಕಾಲ ಅವನ ಜತೆ ಮಾತಾಡುವುದೇ ಕಷ್ಟವಾಗಿತ್ತು, ಅಷ್ಟು ಎತ್ತರದಲ್ಲಿ ಹಾರಾಡುತ್ತಿದ್ದ.

ಆ ಹದ್ದಿಗೆ ಈಗ ಎರಡೂ ಕಣ್ಣು ಮಂಜು. ಅದು ತನಗೊಬ್ಬನಿಗೇ ಗೊತ್ತು ಎಂದು ಅವನು ತಿಳಿದುಕೊಂಡಿದ್ದ.

ಬಂದದ್ದೂ ಕಳ್ಳನ ಹಾಗೆ, ಹಿಂಬಾಗಿಲಿನಿಂದ. ಮೊದಮೊದಲು ಅವನಿಗೆ ಖುಷಿಯೇ ಆಗಿತ್ತು. ಪೇಪರ್ ಓದಲು ವರ್ಷಗಟ್ಟಲೆ ಹಾಕುತ್ತಿದ್ದ ಕನ್ನಡಕ ಒಂದು ದಿನ ಬೇಡವಾಯಿತು. ಸಣ್ಣಕ್ಷರವೆಲ್ಲ ಬರಿಗಣ್ಣಿಗೇ ಕಂಡಿತು. “ನೋಡ್ರೋ, ಬೆಂಕಿ ನೋಡಿ ನೋಡಿ ನನ್ನ ಕಣ್ಣಿಗೆ ಪ್ರಾಯ ಬಂದಿದೆ” ಎಂದು ಊದುವವರೆದುರು ಜಂಬ ಕೊಚ್ಚಿದ. ಅದು ಕಣ್ಣಿನ ಪೊರೆಯ ಮೊದಲ ಆಟ ಎಂದು ಹೇಳಿಕೊಡುವವರು ಯಾರೂ ಇರಲಿಲ್ಲ. ಇದ್ದರೂ ಅವನು ಕೇಳುವ ಪೈಕಿಯಲ್ಲ. ಆ ಪ್ರಾಯ ಹೆಚ್ಚು ದಿನ ಉಳಿಯಲಿಲ್ಲ. ಬೀದಿ ದೀಪಗಳ ಸುತ್ತ ಬಣ್ಣದ ಉಂಗುರ ಬಂತು. ಎದುರಿಂದ ಗಾಡಿ ಬಂದರೆ ಕಣ್ಣಿಗೆ ಮುಷ್ಟಿ ಬೆಳಕು ಎರಚಿದಂತಾಗುತ್ತಿತ್ತು. ಕನ್ನಡಕದಂಗಡಿಗೆ ಹೋಗಿ ಹೊಸ ಗಾಜು ಹಾಕಿಸಿದ, ಮತ್ತೆ ಬದಲಾಯಿಸಿದ, ಮತ್ತೂ ಬದಲಾಯಿಸಿದ. ಅಂಗಡಿಯವನೇ ಬೇಜಾರಾಗಿ, “ನಂಬರ್ ಅಲ್ಲ ಸಮಸ್ಯೆ, ಡಾಕ್ಟರಿಗೆ ತೋರಿಸಿ” ಎಂದ ಮೇಲೆ ಆ ಬೀದಿಯನ್ನೇ ಬಿಟ್ಟ. ಕೊನೆಗೆ ಬಣ್ಣಗಳೂ ಕೈಕೊಟ್ಟವು. ಹಾಲು, ಗೋಡೆ, ಅಂಗಿ ಎಲ್ಲವೂ ಒಣಹುಲ್ಲಿನ ಬಣ್ಣ. ಕುಲುಮೆಯೊಳಗೆ ಇಣುಕಿದರೆ ದಾಳಿಂಬೆಯೂ ಇಲ್ಲ, ಕಿತ್ತಳೆಯೂ ಇಲ್ಲ. ಇಡೀ ಹಣ್ಣಿನಂಗಡಿಗೆ ಯಾರೋ ಕೊಳೆ ಬಟ್ಟೆ ಹೊದಿಸಿದಂತೆ ಒಂದೇ ಮಬ್ಬು.

ಆಗ ಅವನು ಒಂದು ಉಪಾಯ ಮಾಡಿದ. ಲಾಗಾಯ್ತಿನಿಂದ ಅಲ್ಲಿನ ಪದ್ಧತಿ ಹೀಗಿತ್ತು: ಮೇಸ್ತ್ರಿ ಮೊದಲು ಹಣ್ಣಿನ ಹೆಸರು ಹೇಳಬೇಕು, ಎರಡನೇ ಆಳು ನೋಡಿ ಹೌದೆನ್ನಬೇಕು. ಒಂದು ಬೆಳಿಗ್ಗೆ ಹದ್ದು ಅದನ್ನು ತಿರುಗಿಸಿಬಿಟ್ಟ. “ಇನ್ಮೇಲೆ ಎರಡನೇ ಆಳೇ ಮೊದಲು ಹೇಳಲಿ. ಕಲಿಯೋರು ಬಾಯಿ ಬಿಡದೆ ಕಲಿಯೋದು ಹೇಗೆ?” ಎಂದ. ಎರಡನೇ ಆಳು ಹೇಳುವುದು, ಇವನು ತಲೆಯಾಡಿಸುವುದು. ಎಲ್ಲರೂ ಭೇಷ್ ಎಂದರು. ಕೆಳಗಿನವರಿಗೆ ಇಷ್ಟು ಅವಕಾಶ ಕೊಡುವ ಮೇಸ್ತ್ರಿ ಎಲ್ಲುಂಟು ಎಂದು ಮ್ಯಾನೇಜರು ಮೀಟಿಂಗಿನಲ್ಲಿ ಹೊಗಳಿದರು. ಆ ಹೊಗಳಿಕೆಯನ್ನು ಅವನು ತಲೆ ತಗ್ಗಿಸಿಕೊಂಡು ಕೇಳಿದ. ನೋಡಿದವರು ವಿನಯ ಎಂದುಕೊಂಡರು.

ಆ ಎರಡನೇ ಆಳು ಅವನ ಸೊಸೆ. ಮಗನಿಗೆ ಬೆಂಕಿ ಆಗಿಬರಲಿಲ್ಲ. ಒಂದೇ ಬೇಸಿಗೆಗೆ ಕುಲುಮೆಗೆ ಕೈಮುಗಿದು, ಕಾರ್ಖಾನೆಯ ಬಾಟಲಿ ಸಾಗಿಸುವ ವ್ಯಾನಿನ ಸ್ಟೀರಿಂಗ್ ಹಿಡಿದ. ಮದುವೆಯಾಗಿ ಬಂದವಳು ಮಾತ್ರ ಊಟದ ಡಬ್ಬಿ ಕೊಡಲು ಬಂದು ಬೆಂಕಿ ನೋಡುತ್ತ ನಿಂತಳು, ನಿಂತವಳು ಅಲ್ಲೇ ಉಳಿದಳು. ಊದುವವರಿಂದ ಹಿಡಿದು ಗೇಟಿನವನವರೆಗೆ ಎಲ್ಲರೂ ಅವಳನ್ನು ಸೊಸೆ ಎಂದೇ ಕರೆಯುತ್ತಿದ್ದರು. ಇಡೀ ಕಾರ್ಖಾನೆಗೆ ಅವಳೊಬ್ಬಳೇ ಸೊಸೆ. ಅಷ್ಟು ಮಾವಂದಿರನ್ನು ಸಂಭಾಳಿಸಿಕೊಂಡು ಹೋಗುವುದು ಬೆಂಕಿಗಿಂತ ಕಷ್ಟ ಎಂದು ಅವಳು ತಮಾಷೆ ಮಾಡುತ್ತಿದ್ದಳು.

ಕಣ್ಣು ಹೋಗಿದೆ ಎಂದು ಹದ್ದು ಏಕೆ ಬಾಯಿಬಿಡಲಿಲ್ಲ? ಬರೀ ಜಂಬ ಎಂದರೆ ಅನ್ಯಾಯವಾಗುತ್ತದೆ. ಅವನಿಗೆ ಕೆಲಸ ಕಲಿಸಿದ ಹಿಂದಿನ ಮೇಸ್ತ್ರಿ ಕಣ್ಣು ಕಳೆದುಕೊಂಡು, ಕೊನೆಗೆ ಗೇಟಿನ ಪಕ್ಕ ಸ್ಟೂಲಿನ ಮೇಲೆ ಕೂತು ಬಿರಡೆ ಆರಿಸುತ್ತಿದ್ದ. ಹೋಗಿ ಬರುವವರೆಲ್ಲ ಅವನ ಭುಜ ತಟ್ಟಿ ಮುಂದೆ ಹೋಗುತ್ತಿದ್ದರು. ಕತ್ತರಿ ಬಿದ್ದ ಕಣ್ಣು ಬೆಂಕಿ ಓದುವುದಿಲ್ಲ ಎಂಬ ಮಾತು ಅಲ್ಲಿ ಎಲ್ಲರ ಬಾಯಲ್ಲಿತ್ತು. ಹಾಗಾಗಿ ಆಪರೇಷನ್ ಎಂದರೂ ಗೇಟೇ ಗತಿ. ಅದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಹೆಂಗಸನ್ನು ಮೇಸ್ತ್ರಿ ಮಾಡಲು ಮ್ಯಾನೇಜರು ಇನ್ನೂ ಮನಸ್ಸು ಮಾಡಿರಲಿಲ್ಲ. “ನೋಡೋಣ, ಇನ್ನೊಂದು ವರ್ಷ ಹೋಗ್ಲಿ” ಎನ್ನುತ್ತಲೇ ಇದ್ದರು. ಹದ್ದು ಇವತ್ತು ಇಳಿದರೆ ನಾಳೆ ಹೊರಗಿನ ಮೇಸ್ತ್ರಿ ಬರುತ್ತಾನೆ, ಸೊಸೆ ಪ್ಯಾಕಿಂಗ್ ಕೋಣೆಯಲ್ಲಿ ಹುಲ್ಲು ತುಂಬುತ್ತಾಳೆ. ಅವಳಿಗಾಗಿ ಜಾಗ ಕಾಯ್ದುಕೊಂಡಿದ್ದೇನೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ದಿನಾ ಹೇಳಿಕೊಂಡ.

ಮನೆಯಲ್ಲೂ ಅವನು ಲೆಕ್ಕಾಚಾರದಿಂದಲೇ ಬದುಕುತ್ತಿದ್ದ. ಲೋಟ ಎಲ್ಲಿ, ಮೆಟ್ಟಿಲು ಎಲ್ಲಿ, ಚಪ್ಪಲಿ ಎಲ್ಲಿ, ಎಲ್ಲಕ್ಕೂ ಕೈಗೆ ಕಾಲಿಗೆ ನೆನಪು. ಒಂದೇ ಒಂದು ಸಲ ಸಿಕ್ಕಿಬಿದ್ದದ್ದು ಮ್ಯಾನೇಜರ ಕೋಣೆಯಲ್ಲಿ, ಗೂಟಕ್ಕೆ ನೇತುಹಾಕಿದ್ದ ಕೋಟಿಗೆ ನಮಸ್ಕಾರ ಹೇಳಿ, ಮಕ್ಕಳು ಹೇಗಿದ್ದಾರೆ ಎಂದು ಕೇಳಿದಾಗ. ಅದನ್ನು ಮಗ ಮನೆಗೆ ತಂದು ಬಡಿಸಿದ. ಹದ್ದಿನ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹದ್ದೂ ನಕ್ಕ, ನಗದೆ ಬೇರೆ ದಾರಿ ಇರಲಿಲ್ಲ.

ಸಂಜೆ ಕೆಲಸ ಬಿಟ್ಟ ಮೇಲೆ ಮಾವ ಸೊಸೆ ಒಟ್ಟಿಗೆ ಮನೆಗೆ ನಡೆಯುವುದು ರೂಢಿ. ಅವಳ ಚಪ್ಪಲಿಯ ಸದ್ದು ಹಿಡಿದು ಅವನು ಹೆಜ್ಜೆ ಹಾಕುತ್ತಿದ್ದ. ಒಂದು ಸಂಜೆ ತಿರುವಿನಲ್ಲಿ ಲಾರಿಯೊಂದು ದೀಪ ಹಾಕಿಕೊಂಡು ಎದುರಾಯಿತು. ಚಪ್ಪಲಿಯ ಸದ್ದು ಗಕ್ಕನೆ ನಿಂತಿತು.

“ಏನಾಯ್ತಮ್ಮ?”

“ಏನಿಲ್ಲ ಮಾವ. ಈ ದೀಪಗಳು ಈಗೀಗ ಒಂಥರಾ ಕಾಣ್ತಾವೆ, ಸುತ್ತ ಬಳೆ ತೊಡಿಸಿದ ಹಾಗೆ. ಆ ಬೀದಿ ದೀಪಕ್ಕೂ ಇದೆ ನೋಡಿ, ಬಣ್ಣಬಣ್ಣದ್ದು. ನೋಡೋಕೆ ಚೆನ್ನಾಗೇ ಇದೆ.”

ಅವಳು ನಕ್ಕಳು. ಹದ್ದು ಆ ಬಳೆಗಳನ್ನು ಬಲ್ಲವನು. ನಡೆಯುತ್ತಲೇ, ಏನೂ ಆಗದವನಂತೆ ಕೇಳಿದ.

“ಬಿಸಿಲಲ್ಲಿ ಹೇಗೆ?”

“ಬಿಸಿಲಲ್ಲಿ ಇನ್ನೂ ಕಷ್ಟ. ಮಧ್ಯಾಹ್ನ ಸೂಜಿಗೆ ದಾರ ಪೋಣಿಸೋಕೆ ಒದ್ದಾಡ್ತೀನಿ. ಸಂಜೆ ಹೊತ್ತಾದ್ರೆ ಸಲೀಸಾಗಿ ಹೋಗುತ್ತೆ. ವಿಚಿತ್ರ ಅಲ್ವಾ?”

“ಯಾವ ಕಣ್ಣು?”

“ಎಡಗಣ್ಣು.” ನಾಲ್ಕು ಹೆಜ್ಜೆ ನಡೆದು ಅವಳು ಕೇಳಿದಳು. “ಒಂದೇ ಕಣ್ಣು ಅಂತ ನಿಮಗೆ ಹೇಗೆ ಗೊತ್ತಾಯ್ತು ಮಾವ?”

“ಸುಮ್ನೆ ಕೇಳ್ದೆ.”

ಸುಮ್ಮನೆ ಕೇಳಿದ್ದಲ್ಲ. ಅವಳು ಕುಲುಮೆಯ ಬಾಯಿಗೆ ಯಾವಾಗಲೂ ಎಡಗೆನ್ನೆ ಒಡ್ಡಿ ನಿಲ್ಲುತ್ತಿದ್ದಳು. ಹಾಗೆ ನಿಲ್ಲಲು ಕಲಿಸಿದವನು ಅವನೇ. ಅವನಿಗೂ ಮೊದಲು ಹೋದದ್ದು ಎಡಗಣ್ಣೇ. ಬೆಂಕಿಯ ಬಿಸಿ ವರ್ಷಗಟ್ಟಲೆ ತಾಗಿದರೆ ಕಣ್ಣಿನೊಳಗಿನ ತಿಳಿ ಮಸೂರ ಮಬ್ಬಾಗುತ್ತದೆ ಎಂದು ಯಾರೂ ಅವನಿಗೆ ಪಾಠ ಮಾಡಿರಲಿಲ್ಲ. ಆದರೆ ತನ್ನ ಮೈಮೇಲೆ ಬಂದದ್ದು ಇನ್ನೊಬ್ಬರ ಬಾಯಿಂದ ಅಕ್ಷರಕ್ಕೆ ಅಕ್ಷರ ಕೇಳಿದಾಗ ಪಾಠ ಬೇಕಾಗುವುದಿಲ್ಲ. ತನ್ನ ಕಣ್ಣು ಹೋದಾಗ ಅವನಿಗೆ ಸಿಟ್ಟು ಬಂದಿತ್ತು, ನಾಚಿಕೆಯಾಗಿತ್ತು. ಇಂಥ ಭಯ ಆಗಿರಲಿಲ್ಲ. ಎರಡು ಮಕ್ಕಳ ತಾಯಿ, ಇನ್ನೂ ಅರ್ಧ ಆಯುಸ್ಸು ಮುಂದಿದೆ. ತಾನು ಕುರುಡನಾದ ಮೇಲೆ ಇವಳನ್ನು ಬೆಂಕಿಯ ಮುಂದೆ ನಿಲ್ಲಿಸಿ, ಎರಡು ಜನರ ನೋಟ ಒಬ್ಬಳಿಂದ ನೋಡಿಸಿದ್ದೇನೆ ಎಂಬುದು ಆ ಬೀದಿಯ ಅರ್ಧದಲ್ಲಿ ಅವನಿಗೆ ಹೊಳೆಯಿತು. ಉಳಿದರ್ಧ ಬೀದಿ ಹೇಗೆ ನಡೆದನೋ ತಿಳಿಯದು.

ಹೇಳಿಬಿಡಬಹುದಿತ್ತು. ‘ನನಗೂ ಹೀಗೇ ಶುರುವಾಯ್ತಮ್ಮ’ ಅಂದರೆ ಸಾಕಿತ್ತು. ಆದರೆ ಆ ಒಂದು ಮಾತಿನ ಬಾಲ ಹಿಡಿದು ಉಳಿದದ್ದೆಲ್ಲ ಹೊರಬರುತ್ತದೆ: ತಾನು ಗೇಟಿಗೆ, ಅವಳು ಪ್ಯಾಕಿಂಗಿಗೆ. ಹೇಳದಿದ್ದರೆ ಅವಳ ಕಣ್ಣು. ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ ಅದು.

ಮಾರನೇ ದಿನ ಅವನು ಹೇಡಿಯ ದಾರಿ ಹಿಡಿದ. ಬಾಗಿಲ ಪಕ್ಕದ ಮೊಳೆ ತಡವಿ, ಕಪ್ಪು ಕನ್ನಡಕ ತೆಗೆದು ಸೊಸೆಯ ಕೈಗಿಟ್ಟ.

“ಇನ್ಮೇಲೆ ಇದನ್ನ ಹಾಕ್ಕೊಂಡು ನೋಡು.”

ಊದುವವರು ಕಿಸಕ್ಕೆಂದರು. “ಸೊಸೆಗೆ ಪಿಕ್ಚರ್ ಚಾನ್ಸ್ ಸಿಕ್ಕಿತು” ಎಂದ ಒಬ್ಬ.

“ಮಾವ, ಇದನ್ನ ಹಾಕ್ಕೊಂಡ್ರೆ ಕಿತ್ತಳೆ ಯಾವುದು, ನಿಂಬೆ ಯಾವುದು? ಬರಿಗಣ್ಣಲ್ಲೇ ನೋಡಬೇಕು ಅಂತ ಹೇಳಿಕೊಟ್ಟೋರು ನೀವೇ.”

“ಹೇಳಿದಷ್ಟು ಮಾಡು.”

ಹಾಕಿಕೊಂಡಳು. ಕುಲುಮೆಯ ಬಾಯಿಗೆ ಬಗ್ಗಿದಳು, ತುಂಬ ಹೊತ್ತು ಬಗ್ಗಿಯೇ ಇದ್ದಳು. “ನಿಂಬೆ… ಇರಬೇಕು” ಎಂದಳು. ಆ ದನಿಯಲ್ಲಿ ಅನುಮಾನ ಇತ್ತು. ಅದು ಹದ್ದಿಗೆ ಕೇಳಿಸಿತು ಕೂಡ. ಆದರೆ ಊದುವವರೆಲ್ಲ ಗೊಳವೆ ಹಿಡಿದು ಅವನ ಮುಖವನ್ನೇ ನೋಡುತ್ತಿದ್ದರು. ಇಷ್ಟು ದಿನ ಆಡಿಸಿದ ತಲೆ, ರೂಢಿಯಂತೆ ಆಡಿತು.

ಆವತ್ತಿನ ಮೂಸೆ ಪೂರ್ತಿ ಹಾಳಾಯಿತು. ಸಾಲು ಸಾಲು ಬಾಟಲಿ, ಸಾಲು ಸಾಲು ಗುಳ್ಳೆ. ಮ್ಯಾನೇಜರು ಒಂದನ್ನು ಎತ್ತಿ ಕಿಟಕಿಗೆ ಹಿಡಿದು ನೋಡಿ, ಕೆಳಗಿಟ್ಟರು. ಅವರು ಕಿರುಚುವ ಮನುಷ್ಯರಲ್ಲ.

“ಸೊಸೆ ತಪ್ಪಿದ್ಲು, ಸರಿ. ನೀವೇನ್ ಮಾಡ್ತಿದ್ರಿ ಮೇಸ್ತ್ರಿ?”

ನಿಜ ಹೇಳಲು ದೇವರೇ ಬಾಗಿಲು ತೆರೆದಂತಿತ್ತು. ಹದ್ದು ಆ ಬಾಗಿಲನ್ನು ತಾನೇ ಮುಚ್ಚಿದ. “ತಪ್ಪಿದ್ರೆ ತಾನೆ ಬುದ್ಧಿ ಬರೋದು. ಅದಕ್ಕೆ ಸುಮ್ನಿದ್ದೆ” ಎಂದ. ಹೇಳಿ ಮುಗಿಸುವ ಮುಂಚೆಯೇ ತನ್ನ ನಾಲಿಗೆ ತನಗೇ ಹೇಸಿಗೆಯಾಯಿತು.

“ನಿಮ್ಮ ಪಾಠಕ್ಕೆ ಒಂದು ಮೂಸೆ ದುಬಾರಿಯಾಯ್ತು” ಎಂದರು ಮ್ಯಾನೇಜರು. “ಇನ್ನೊಂದ್ಸಲ ಹೀಗಾದ್ರೆ ಅವಳು ಪ್ಯಾಕಿಂಗಿಗೆ. ನಾನು ಬೇರೆ ಯಾರನ್ನಾದ್ರೂ ನೋಡ್ಕೋತೀನಿ.”

ಸೊಸೆ ಕಪ್ಪು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಮೊಳೆಗೆ ಹಾಕಿದಳು. ಮಾರನೇ ದಿನದಿಂದ ಬರಿಗಣ್ಣಲ್ಲೇ, ಮೊದಲಿಗಿಂತ ಹತ್ತಿರ ನಿಂತು, ಮೊದಲಿಗಿಂತ ಹೆಚ್ಚು ಹೊತ್ತು ನೋಡತೊಡಗಿದಳು. ಇನ್ನೊಮ್ಮೆ ತಪ್ಪಲು ಅವಳಿಗೆ ಅವಕಾಶವಿರಲಿಲ್ಲ. ಪಕ್ಕದಲ್ಲಿ ನಿಂತ ಹದ್ದಿಗೆ ಅವಳು ಉಸಿರು ಬಿಗಿಹಿಡಿಯುವುದು ಕೇಳಿಸುತ್ತಿತ್ತು. ಪ್ರತಿ ಸಲವೂ ಅವನು ಮನಸ್ಸಿನಲ್ಲೇ ‘ಸಾಕು, ಬಾಮ್ಮ, ಸಾಕು’ ಎನ್ನುತ್ತಿದ್ದ. ಬಾಯಿಂದ ಮಾತ್ರ ಏನೂ ಬರುತ್ತಿರಲಿಲ್ಲ. ಆ ಕುಲುಮೆಯ ಕೋಣೆ ದೊಡ್ಡದು, ಮಾಡು ಎತ್ತರದ್ದು. ಆದರೂ ಆ ದಿನಗಳಲ್ಲಿ ಅವನಿಗೆ ಅಲ್ಲಿ ಮೈ ತಿರುಗಿಸಲೂ ಜಾಗವಿಲ್ಲ ಎನಿಸುತ್ತಿತ್ತು.

ವರ್ಷಕ್ಕೊಮ್ಮೆ ಕಾರ್ಖಾನೆಯ ಕ್ಯಾಂಟೀನಿಗೆ ಕಣ್ಣಿನ ಡಾಕ್ಟರು ಬಂದು ಎಲ್ಲರ ಕಣ್ಣು ನೋಡಿ ಹೋಗುವುದಿತ್ತು. ಹದ್ದು ಒಂದು ವರ್ಷವೂ ಆ ಕುರ್ಚಿಯ ಮೇಲೆ ಕೂತವನಲ್ಲ. ಸೊಸೆಗೂ ಮೊದಲ ವರ್ಷವೇ ಹೇಳಿದ್ದ: “ಬೆಂಕಿ ಓದೋರು ಕಣ್ಣನ್ನ ಕಂಡೋರಿಗೆಲ್ಲ ತೋರಿಸಬಾರದು. ಇಲ್ಲದ್ದು ಏನೋ ಕಂಡುಹಿಡಿದು ನಮ್ಮನ್ನ ಕೆಲಸದಿಂದ ಎಬ್ಬಿಸ್ತಾರೆ.” ಅವಳು ಅದನ್ನು ವೇದವಾಕ್ಯದಂತೆ ನಡೆಸಿಕೊಂಡು ಬಂದಿದ್ದಳು. ಪ್ರತಿ ವರ್ಷ ತೋರಿಸಿದ್ದರೆ ಮಂಜು ಮುಸುಕುವ ಮುಂಚೆಯೇ ಯಾರಾದರೂ ಹೇಳುತ್ತಿದ್ದರು. ಅದನ್ನೂ ತಪ್ಪಿಸಿದ್ದು ತಾನೇ. ಯಾವ ಕಡೆ ಹೊರಳಿದರೂ ಅವನಿಗೆ ಅವನೇ ಅಡ್ಡ ಸಿಗುತ್ತಿದ್ದ.

ಈ ಸಲ ಡಾಕ್ಟರು ಬರುವ ಸುದ್ದಿ ಬಂದ ದಿನ, ಎಲ್ಲರೂ ಊಟಕ್ಕೆ ಕೂತಾಗ ಅವನು ಮಾತು ತೆಗೆದ.

“ನಾಳೆ ಡಾಕ್ಟರಮ್ಮ ಬರ್ತಾರಂತೆ. ನೀನು ಹೋಗಿ ತೋರಿಸ್ಕೊಂಡು ಬಾ.”

ಸೊಸೆ ಬಡಿಸುತ್ತಿದ್ದ ಸೌಟು ನಿಂತಿತು. “ಬೇಡ ಅಂದಿದ್ದೋರು ನೀವೇ ಅಲ್ವಾ ಮಾವ?”

“ಈಗ ಹೋಗು ಅಂತಿರೋನೂ ನಾನೇ.”

“ನೀವು ಬಂದ್ರೆ ನಾನೂ ಬರ್ತೀನಿ.”

“ನನಗ್ಯಾಕೆ? ನನ್ನ ಕಣ್ಣಿಗೇನಾಗಿದೆ?”

“ಏನೂ ಆಗಿಲ್ಲ ಬಿಡಿ” ಎಂದಳು ಹೆಂಡತಿ. “ಕೋಟಿಗೆ ಕುಶಲ ವಿಚಾರಿಸೋ ಅಷ್ಟು ಚೆನ್ನಾಗಿದೆ.”

ಮಗ ನಕ್ಕ. ಸೊಸೆ ನಗಲಿಲ್ಲ. “ನೀವು ಕೂತ್ರೆ ಆಮೇಲೆ ನಾನು ಕೂರ್ತೀನಿ. ಇಲ್ಲಾಂದ್ರೆ ಇಲ್ಲ” ಎಂದು ಸೌಟನ್ನು ಮತ್ತೆ ಪಾತ್ರೆಗೆ ಅದ್ದಿದಳು. ಅವಳ ಮಾತಿನ ರೀತಿ ಅವನಿಗೆ ಗೊತ್ತಿತ್ತು. ಮೆತ್ತಗೆ ಹೇಳಿದಳೆಂದರೆ ಮುಗಿಯಿತು, ಬ್ರಹ್ಮ ಬಂದರೂ ಬದಲಾಗುವುದಿಲ್ಲ. ಆ ಹೊತ್ತಿಗೆ ಅವನಿಗೆ ಎಲ್ಲ ಬಾಗಿಲೂ ಮುಚ್ಚಿ ಒಂದೇ ಉಳಿಯಿತು. ಆ ಒಂದರ ಆಚೆ ಗೇಟಿನ ಪಕ್ಕದ ಸ್ಟೂಲು ಕಾದಿತ್ತು.

ಮಾರನೇ ದಿನ ಕ್ಯಾಂಟೀನಿನ ಮೇಜುಗಳನ್ನು ಗೋಡೆಗೆ ಸರಿಸಿ, ಮಧ್ಯೆ ಒಂದು ಕುರ್ಚಿ ಹಾಕಿದ್ದರು. ಊದುವವರು ಸಾಲಾಗಿ ನಿಂತು ಗದ್ದಲ ಮಾಡುತ್ತಿದ್ದರು. ಹದ್ದು ಒಳಗೆ ಬಂದದ್ದು ಕಂಡು ಎಲ್ಲರೂ ದಾರಿ ಬಿಟ್ಟರು. “ಹದ್ದೇ ಬಂತಲ್ಲಪ್ಪ, ಡಾಕ್ಟರಮ್ಮನಿಗೇ ಇವತ್ತು ಪರೀಕ್ಷೆ” ಎಂದು ಯಾರೋ ಅಂದರು. ಅವನು ಕಾಲಿನಿಂದ ಕುರ್ಚಿ ಹುಡುಕಿ ಕೂತ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ದನಿಯಿಂದ ಹಾಗೆನಿಸಿತು. ಅವರು ಗೋಡೆಯ ಮೇಲಿನ ಅಕ್ಷರ ಓದಲು ಹೇಳಿದರು.

“ಯಾವ ಗೋಡೆ?” ಎಂದ ಹದ್ದು.

ಯಾರೋ ನಕ್ಕರು, ತಮಾಷೆ ಎಂದುಕೊಂಡು. ಡಾಕ್ಟರು ನಗಲಿಲ್ಲ. ಹತ್ತಿರ ಬಂದು ಕಣ್ಣಿಗೆ ಬೆಳಕು ಬಿಟ್ಟರು, ಒಂದಾದ ಮೇಲೆ ಒಂದು. ಅವನಿಗೆ ಒಂದು ಮಬ್ಬು ಕೆಂಪು ಬಿಟ್ಟರೆ ಬೇರೇನೂ ಕಾಣಲಿಲ್ಲ.

“ಎರಡು ಕಣ್ಣಿಗೂ ಪೊರೆ ಪೂರ್ತಿ ಬಲಿತಿದೆ. ನನ್ನ ಬೆಳಕೇ ಒಳಗೆ ಹೋಗ್ತಿಲ್ಲ. ಎಷ್ಟೋ ವರ್ಷದ್ದು ಇದು” ಎಂದರು ಅವರು. “ನೀವಿಲ್ಲಿ ಏನ್ ಕೆಲಸ ಮಾಡ್ತೀರಿ?”

“ಮೇಸ್ತ್ರಿ. ಬೆಂಕಿ ನೋಡೋ ಕೆಲಸ.”

“ಈ ಕಣ್ಣಲ್ಲಿ ನೋಡೋಕೆ ಸಾಧ್ಯ ಇಲ್ವಲ್ಲ. ಹೇಗೆ ನೋಡ್ತಿದ್ರಿ?”

ಸಾಲಿನಲ್ಲಿ ನಿಂತವರೆಲ್ಲ ಅವನತ್ತ ತಿರುಗಿದರು. ಈಗಲೂ ಏನಾದರೊಂದು ಸುಳ್ಳು ಸಿಗುತ್ತಿತ್ತು, ಅವನ ಬಳಿ ಸುಳ್ಳಿಗೆ ಬರವಿರಲಿಲ್ಲ. ಆದರೆ ಸೊಸೆ ಸಾಲಿನಲ್ಲಿ ಎಲ್ಲೋ ನಿಂತಿದ್ದಾಳೆ.

“ನಾನು ನೋಡ್ತಿರಲಿಲ್ಲ” ಎಂದ, ಎಲ್ಲರಿಗೂ ಕೇಳುವ ಹಾಗೆ. “ನನ್ನ ಸೊಸೆ ನೋಡ್ತಿದ್ಲು. ನಾನು ಬರೀ ತಲೆ ಆಡಿಸ್ತಿದ್ದೆ. ಆವತ್ತು ಮೂಸೆ ಹಾಳಾಗಿದ್ದೂ ನನ್ನಿಂದಲೇ. ಡಾಕ್ಟರಮ್ಮ, ನಂದು ಬಿಡಿ, ನಂದು ಹೇಗೂ ಹೋಗಿದೆ. ಅವಳನ್ನ ನೋಡಿ. ಅವಳಿಗೆ ದೀಪದ ಸುತ್ತ ಬಳೆ ಕಾಣೋಕೆ ಶುರುವಾಗಿದೆ. ನನಗೂ ಹಾಗೇ ಶುರುವಾಗಿದ್ದು.”

ಅವನು ಎದ್ದು ನಿಂತ. ಸೊಸೆ ಬಂದು ಅದೇ ಕುರ್ಚಿಯಲ್ಲಿ ಕೂತಳು. ಹಾದುಹೋಗುವಾಗ ಅವನ ತೋಳು ಮುಟ್ಟಿದಳೋ, ಅಥವಾ ಜಾಗ ಸಾಲದೆ ತಾಗಿತೋ, ಅವನಿಗೆ ತಿಳಿಯಲಿಲ್ಲ.

ಅವಳ ಕಣ್ಣು ನೋಡಲು ಡಾಕ್ಟರು ತುಂಬ ಹೊತ್ತು ತೆಗೆದುಕೊಂಡರು. ಬಲಗಣ್ಣು ಸದ್ಯಕ್ಕೆ ತಿಳಿಯಾಗಿದೆ, ಎಡಗಣ್ಣಿನ ಮಸೂರದ ಹಿಂಭಾಗ ಮಬ್ಬಾಗಿದೆ ಎಂದರು. ಮಬ್ಬಾದದ್ದು ಔಷಧಿಯಿಂದ ತಿಳಿಯಾಗುವುದಿಲ್ಲ. ಆದರೆ ಇವತ್ತಿನಿಂದ ಬೆಂಕಿಯ ಬಿಸಿ ತಡೆದರೆ ಬಲಗಣ್ಣನ್ನು ಉಳಿಸಿಕೊಳ್ಳಬಹುದು, ಎಡದ್ದನ್ನೂ ನಿಧಾನ ಮಾಡಬಹುದು. ಬಿಸಿಯನ್ನು ತಡೆದು ಬಣ್ಣವನ್ನು ಬಿಡುವ ಕನ್ನಡಕಗಳೇ ಬೇರೆ ಇವೆ, ಅಂಥದ್ದನ್ನು ತರಿಸಬೇಕು. ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು.

“ಹೋದ ವರ್ಷ, ಅದರ ಹಿಂದಿನ ವರ್ಷ ನಾನೇ ಇಲ್ಲಿಗೆ ಬಂದಿದ್ದೆ” ಎಂದರು ಅವರು ಕೊನೆಗೆ. ಗದರಿಸುವ ದನಿಯಲ್ಲಿ ಅಲ್ಲ. “ಆಗಲೇ ಕೂತಿದ್ರೆ ಇಷ್ಟರಮಟ್ಟಿಗೆ ಬರ್ತಿರಲಿಲ್ಲಮ್ಮ. ಯಾಕೆ ಕೂರಲಿಲ್ಲ?”

ಸೊಸೆ ಕುರ್ಚಿಯಿಂದ ಎದ್ದು ನಿಂತಳು. ‘ಮಾವ ಬೇಡ ಅಂದಿದ್ರು’ ಎಂದು ಅವಳು ಹೇಳಿಬಿಟ್ಟಿದ್ದರೆ ಹದ್ದಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮ್ಯಾನೇಜರು ಅವತ್ತೇ ಬೀರುವಿನಿಂದ ಶಾಖದ ಯಂತ್ರ ತೆಗೆಸಿ ಕುಲುಮೆಗೆ ಕಟ್ಟಿಸಿದರು. ಅದರ ಮುಳ್ಳನ್ನು ನೋಡಿಕೊಳ್ಳಲು ಸೊಸೆಯನ್ನೇ ಇರಿಸಿಕೊಂಡರು, ಯಂತ್ರ ಹೇಳಿದ್ದನ್ನು ಒಪ್ಪಬೇಕೋ ಬೇಡವೋ ಎಂದು ಹೇಳಬಲ್ಲವರು ಬೇರೆ ಯಾರೂ ಇರಲಿಲ್ಲವಾದ್ದರಿಂದ. ಅವಳು ಪ್ಯಾಕಿಂಗಿಗೆ ಹೋಗಲಿಲ್ಲ. ಯಾವ ಭಯಕ್ಕೆ ಹದ್ದು ಇಷ್ಟೂ ಕಾಲ ಬಾಯಿಗೆ ಬೀಗ ಹಾಕಿಕೊಂಡಿದ್ದನೋ ಆ ಭಯ ಒಂದು ಮಧ್ಯಾಹ್ನದಲ್ಲಿ ಪೊಳ್ಳಾಗಿ ಹೋಯಿತು. ಅದು ಅವನಿಗೆ ಸಂತೋಷ ಕೊಡಬೇಕಿತ್ತು. ಕೊಡಲಿಲ್ಲ.

ಆವತ್ತು ಮನೆಗೆ ನಡೆಯುವಾಗ ಅವಳು ಅವನ ಕೈ ಹಿಡಿದುಕೊಂಡಳು. ಇನ್ನು ಮುಚ್ಚಿಡುವುದಕ್ಕೆ ಏನಿತ್ತು?

“ನನಗೆ ಗೊತ್ತಿತ್ತು ಮಾವ” ಎಂದಳು.

“ಏನು?”

“ನಿಮಗೆ ಕಾಣಲ್ಲ ಅಂತ. ನೀವು ಪದ್ಧತಿ ಬದಲಾಯಿಸಿದ ಕೆಲವೇ ದಿನಕ್ಕೆ ಅನುಮಾನ ಬಂತು. ಒಂದ್ಸಲ ಬೇಕಂತಲೇ ದಾಳಿಂಬೆಗೆ ನಿಂಬೆ ಅಂದೆ. ನೀವು ತಲೆ ಆಡಿಸಿದ್ರಿ. ಯಾರೂ ಗೊಳವೆ ಎತ್ತೋ ಮುಂಚೆ, ಬಾಯಿತಪ್ಪಿತು ಅಂತ ನಾನೇ ತಿದ್ದಿಕೊಂಡೆ.”

ಹದ್ದು ನಿಂತುಬಿಟ್ಟ. ಅವಳು ಕೈಬಿಡಲಿಲ್ಲ.

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಿಮ್ಮನ್ನ ಗೇಟಿಗೆ ಕೂರಿಸ್ತಿದ್ರು. ನನ್ನ ಬಾಯಿಂದ ಅದು ಆಗಬಾರದು ಅನ್ನಿಸ್ತು. ಅದಕ್ಕೇ ಒಂದು ಸಲಕ್ಕೆ ಎರಡು ಸಲ ನೋಡ್ತಿದ್ದೆ. ನನ್ನದೊಂದು, ನಿಮ್ಮದೊಂದು.”

ಅವಳು ಅದನ್ನು ಮನೆಯ ಸಾಮಾನಿನ ಲೆಕ್ಕ ಹೇಳಿದಷ್ಟು ಸಾಧಾರಣವಾಗಿ ಹೇಳಿದಳು. ಹದ್ದು ತಾನೊಬ್ಬನೇ ಸಿಕ್ಕಿಬಿದ್ದಿದ್ದೇನೆ ಎಂದುಕೊಂಡಿದ್ದ ಆ ಇಕ್ಕಟ್ಟಿನಲ್ಲಿ ಅವಳೂ ಪಕ್ಕದಲ್ಲೇ ನಿಂತಿದ್ದಳು, ಉದ್ದಕ್ಕೂ. ಇಬ್ಬರೂ ಒಬ್ಬರಿಗೊಬ್ಬರು ಉಪಕಾರ ಮಾಡುತ್ತ ಕಣ್ಣು ಕಳೆದುಕೊಂಡಿದ್ದರು. ಅವನು ಬೀದಿಯಲ್ಲೇ ಅತ್ತ. ಸಾಯುವಷ್ಟು ನಾಚಿಕೆಯಾಗಿತ್ತು, ಆದರೂ ಅತ್ತ. ಅವಳು ಪಕ್ಕದಲ್ಲಿ ನಿಂತಿದ್ದು, ಆಮೇಲೆ “ಬನ್ನಿ, ಮುಂದೆ ಮೆಟ್ಟಿಲಿದೆ” ಎಂದಳು.

ಆಪರೇಷನ್ನಿಗೆ ಅವನು ತಕರಾರು ಮಾಡಲಿಲ್ಲ. ಮಸುಕಾದ ಮಸೂರ ತೆಗೆದು ಹೊಸದು ಕೂರಿಸುತ್ತಾರೆ, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು ಎಂದರು. “ನನ್ನ ಬದಲು ಅವಳಿಗೆ ಮಾಡಿ” ಎಂದು ಅವನು ಒಂದೇ ಸಲ ಕೇಳಿದ. ಅವಳಿಗೆ ಇನ್ನೂ ಆ ಹಂತ ಬಂದಿಲ್ಲ, ಬಂದಾಗ ನೋಡೋಣ, ಒಬ್ಬರ ಬದಲು ಒಬ್ಬರಿಗೆ ಮಾಡುವಂಥದ್ದಲ್ಲ ಇದು ಎಂದು ಡಾಕ್ಟರು ತಾಳ್ಮೆಯಿಂದ ಹೇಳಿದರು. ಅವನು ಮಂಚದ ಮೇಲೆ ಮಲಗಿದ. ನೋವೇನೂ ಆಗಲಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ವರ್ಷ ಹೆದರಿದೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ನರ್ಸ್ ಬಂದು ಕಣ್ಣಿನ ಪಟ್ಟಿ ಬಿಚ್ಚಿದಳು. ಮೊದಲು ಕಂಡದ್ದು ಗೋಡೆ. ಅದು ಬೆಳ್ಳಗಿತ್ತು, ಬೆಳ್ಳಗೆಂದರೆ ಅಷ್ಟು ಬೆಳ್ಳಗಿರುತ್ತದೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಹಾಸಿಗೆಯ ಹೊದಿಕೆ ನೀಲಿ. ಅವನು ತನ್ನ ಕೈ ತಿರುಗಿಸಿ ನೋಡಿಕೊಂಡ, ಮುದುಕನ ಕೈ. ಆಮೇಲೆ ಬಾಗಿಲು ತೆರೆಯಿತು, ಸೊಸೆ ಊಟದ ಡಬ್ಬಿ ಹಿಡಿದು ಒಳಗೆ ಬಂದಳು.

ಅವಳ ಮುಖವನ್ನು ಅವನು ಕೊನೆಯ ಸಲ ಸರಿಯಾಗಿ ನೋಡಿದ್ದು ಯಾವಾಗಲೋ. ಅವನ ನೆನಪಿನಲ್ಲಿ ಇದ್ದದ್ದು ದುಂಡು ಕೆನ್ನೆಯ, ನಗುವಾಗ ಕಣ್ಣು ಮುಚ್ಚಿಹೋಗುವ ಒಬ್ಬ ಹುಡುಗಿ. ಒಳಗೆ ಬಂದವಳ ಎಡಗೆನ್ನೆ ಸುಟ್ಟು ಕಂದುಗಟ್ಟಿತ್ತು. ಎಡಗಣ್ಣಿನ ರೆಪ್ಪೆಕೂದಲು ಅರ್ಧಕ್ಕರ್ಧ ಇರಲಿಲ್ಲ. ಕಣ್ಣ ತುದಿಯಲ್ಲಿ, ಬೆಳಕಿಗೆ ಮುಖ ಕಿವುಚಿ ಕಿವುಚಿ ಬಿದ್ದ ಗೆರೆಗಳು. ಕಿಟಕಿಯ ಬಿಸಿಲು ಮುಖಕ್ಕೆ ಬೀಳುತ್ತಿತ್ತು. ಅವನನ್ನು ನೋಡಲು ಅವಳು ತಲೆಯನ್ನು ಹಕ್ಕಿಯ ಹಾಗೆ ಒಂದು ಕಡೆ ವಾಲಿಸಿದಳು, ಬಲಗಣ್ಣು ಮುಂದೆ ಬರುವಂತೆ. ಅದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಮನೆಯಲ್ಲಿ, ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು ನೋಡಿರಬೇಕು. ಅದರ ಅರ್ಥ ತಿಳಿದವನು ಅವನೊಬ್ಬನೇ ಇದ್ದ, ಅವನಿಗೆ ಕಂಡಿರಲಿಲ್ಲ.

“ಕಾಣ್ತಿದೆಯಾ ಮಾವ?”

“ಕಾಣ್ತಿದೆಯಮ್ಮ” ಎಂದು ಅವನು ಕಣ್ಣು ಮುಚ್ಚಿಕೊಂಡ. ಇಷ್ಟು ವರ್ಷ ಶಪಿಸಿದ ಆ ಮಂಜು ಒಂದು ಗಳಿಗೆ ವಾಪಸ್ ಬಂದರೆ ಸಾಕು ಎನಿಸಿತು.

ಬೆಳಕು ಜಾಸ್ತಿಯಾಯಿತೇನೋ ಎಂದುಕೊಂಡು ಅವಳು ಹೋಗಿ ಕಿಟಕಿಯ ಪರದೆ ಎಳೆದಳು. ಕೋಣೆ ಮಬ್ಬಾಯಿತು. ಆ ಮಬ್ಬಿನಲ್ಲಿ ಅವನು ಸ್ವಲ್ಪ ಹೊತ್ತು ಹಾಗೇ ಮಲಗಿದ್ದ. ಅವಳು ಡಬ್ಬಿಯ ಮುಚ್ಚಳ ತೆಗೆಯುವ ಸದ್ದಾಯಿತು.

“ಪರದೆ ತೆಗಿಯಮ್ಮ” ಎಂದ.

“ಕಣ್ಣು ಚುಚ್ಚುತ್ತೆ ಮಾವ.”

“ಚುಚ್ಚಲಿ. ತೆಗೆದು ಇಲ್ಲಿ ಬಂದು ಕೂತ್ಕೋ. ನಿನ್ನ ಮುಖ ನೋಡಬೇಕು ನಾನು.”

ಅವಳು ಪರದೆ ಸರಿಸಿ, ಕುರ್ಚಿ ಎಳೆದುಕೊಂಡು, ಅವನ ಎದುರಿಗೆ ಬಂದು ಕೂತಳು. ಅವನು ಕಣ್ಣು ತೆರೆದು ನೋಡಿದ.